ಗೇರ್‌ಬಾಕ್ಸ್ ಇಳಿಸುವ ಮುನ್ನ ಫೋರ್ಕ್ ಅಳೆಯಿರಿ: ಹಳೆಯ ಮಿಯಾಟಾದ ಹೈಡ್ರಾಲಿಕ್ ಕ್ಲಚ್ ರಿಪೇರಿ

ಬೆಳಿಗ್ಗೆ ರಿವರ್ಸ್ ಹಾಕಿದರೆ ಕರ್ರ್ ಎಂಬ ಸದ್ದು. ಸಿಗ್ನಲ್‌ನಲ್ಲಿ ನಿಂತಾಗ ಫಸ್ಟ್ ಗೇರ್ ಬೀಳುವುದಿಲ್ಲ, ಪೆಡಲನ್ನು ಎರಡು ಸಲ ಪಂಪ್ ಮಾಡಿದರೆ ಬೀಳುತ್ತದೆ. ಮಜ್ದಾ ಎಂಎಕ್ಸ್-5, ಅಂದರೆ ಮಿಯಾಟಾ ಇಟ್ಟುಕೊಂಡವರಿಗೆ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಎನ್‌ಎ, 1998ರಿಂದ 2005ರವರೆಗಿನ ಎನ್‌ಬಿ, ಎರಡರಲ್ಲೂ ಕ್ಲಚ್‌ನ ಸ್ಲೇವ್ ಸಿಲಿಂಡರ್ ಬೇಗ ಸೋಲುವ ಭಾಗ ಎಂದೇ ಹೆಸರಾಗಿದೆ. ಗ್ಯಾರೇಜಿಗೆ ಹೋದರೆ ಮಾತ್ರ ಮೊದಲು ಕೇಳಿಬರುವುದು 'ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು' ಎಂಬ ಮಾತು.

ಆ ಮಾತನ್ನು ಅಳತೆ ಮಾಡದೆ ಒಪ್ಪಬೇಡಿ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಪೈಪಿನಲ್ಲಿ ಬ್ರೇಕ್ ಆಯಿಲ್ ತಳ್ಳುತ್ತದೆ, ಆ ಒತ್ತಡಕ್ಕೆ ಸ್ಲೇವ್ ಸಿಲಿಂಡರಿನ ರಾಡ್ ಚಾಚಿ ಫೋರ್ಕ್ ಎಂಬ ಸನ್ನೆಯನ್ನು ದೂಡುತ್ತದೆ, ಫೋರ್ಕ್ ಒಂದು ಬೇರಿಂಗ್ ಮೂಲಕ ಕ್ಲಚ್ ಪ್ಲೇಟನ್ನು ಬಿಡಿಸುತ್ತದೆ. ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್‌ನ ಹೊರಗಿದೆ, ಎರಡು ಬೋಲ್ಟ್‌ಗಳಲ್ಲಿ ನಿಂತಿದೆ. ಅದರ ರಾಡ್ ಎಷ್ಟು ಮಿಲಿಮೀಟರ್ ಚಲಿಸುತ್ತದೆ ಎಂದು ಒಂದು ಸ್ಕೇಲ್ ಹಿಡಿದು ನೋಡಿದರೆ ತೊಂದರೆ ಹೈಡ್ರಾಲಿಕ್‌ನಲ್ಲಿದೆಯೋ ಗೇರ್‌ಬಾಕ್ಸ್‌ನ ಒಳಗಿದೆಯೋ ತಿಳಿಯುತ್ತದೆ. ಮಜ್ದಾ ಭಾರತದಲ್ಲಿ ಕಾರು ಮಾರುವುದಿಲ್ಲವಾದ್ದರಿಂದ ಈ ಕಾರಿರುವ ಕನ್ನಡಿಗರು ಹೆಚ್ಚಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಕಡೆಯವರು. ಅಲ್ಲಿ ಗೇರ್‌ಬಾಕ್ಸ್ ಇಳಿಸುವ ಕೂಲಿಯ ಮುಂದೆ ಸ್ಲೇವ್‌ನ ಬೆಲೆ ಏನೇನೂ ಅಲ್ಲ.

ಬಿಡುತ್ತಿಲ್ಲವೋ, ಹಿಡಿಯುತ್ತಿಲ್ಲವೋ

ಕ್ಲಚ್‌ನ ತೊಂದರೆ ಎರಡು ಬಗೆ, ಎರಡರ ಕಾರಣವೂ ಬೇರೆ. ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟ್ ಬಿಡದೆ ಗೇರ್ ಕರಕರ ಎನ್ನುತ್ತಿದ್ದರೆ ಅದು ಕ್ಲಚ್ ಬಿಡದಿರುವುದು. ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸುತ್ತು ಏರಿ ಕಾರಿನ ವೇಗ ಮಾತ್ರ ಏರದಿದ್ದರೆ ಅದು ಸ್ಲಿಪ್. ಸವೆದ ಪ್ಲೇಟ್ ಸ್ಲಿಪ್ ಆಗುತ್ತದೆ. ಬರೀ ಸವೆತದಿಂದ ಗೇರ್ ಬೀಳದೆ ಹೋಗುವುದಿಲ್ಲ. ಹಾಗಾಗಿ ಗೇರ್ ಬೀಳುತ್ತಿಲ್ಲ ಎಂದು ಹೋದವರಿಗೆ ಪ್ಲೇಟ್ ಸವೆದಿದೆ ಎನ್ನುವ ಮೆಕ್ಯಾನಿಕ್‌ಗೆ ಎರಡನೇ ಪ್ರಶ್ನೆ ಕೇಳಲೇಬೇಕು.

ಪರೀಕ್ಷೆ ಹೀಗೆ: ಎಂಜಿನ್ ಬಿಸಿಯಾಗಿ ಓಡುತ್ತಿರಲಿ, ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್ ಹಾಕಿ ನ್ಯೂಟ್ರಲ್. ಪೆಡಲನ್ನು ನೆಲಕ್ಕೆ ಒತ್ತಿ ಹತ್ತು ಎಣಿಸಿ, ನಂತರ ಮೆಲ್ಲಗೆ ರಿವರ್ಸ್‌ಗೆ ಎಳೆಯಿರಿ. ಪ್ಲೇಟ್ ಬಿಟ್ಟಿದ್ದರೆ ಆ ಹತ್ತು ಸೆಕೆಂಡಿನಲ್ಲಿ ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ದಂಡ) ನಿಂತಿರುತ್ತದೆ, ಗೇರ್ ಸದ್ದಿಲ್ಲದೆ ಬೀಳುತ್ತದೆ. ಕರ್ರ್ ಎಂದರೆ ಬಿಡುತ್ತಿಲ್ಲ. ಈಗ ಪೆಡಲನ್ನು ನಾಲ್ಕು ಸಲ ಬೇಗಬೇಗ ಪಂಪ್ ಮಾಡಿ ಮತ್ತೆ ಪ್ರಯತ್ನಿಸಿ. ಪಂಪ್ ಮಾಡಿದ ಮೇಲೆ ಸರಿಯಾಗಿ ಬಿದ್ದರೆ ಲೈನ್‌ನಲ್ಲಿ ಏರ್ ಇದೆ, ಇಲ್ಲವೇ ಯಾವುದೋ ಸಿಲಿಂಡರಿನ ಸೀಲ್ ಸೋತಿದೆ. ಫಸ್ಟ್ ಗೇರ್‌ನಲ್ಲಿ ನಿಂತಾಗ ಮೊದಲಿಗೆ ಚೆನ್ನಾಗಿ ಬಿಟ್ಟು, ಪೆಡಲ್ ಒತ್ತಿ ಹಿಡಿದಂತೆಯೇ ಕಾರು ನಿಧಾನಕ್ಕೆ ಮುಂದೆ ಸರಿಯತೊಡಗಿದರೆ, ಹೊರಗೆ ಎಲ್ಲೂ ಲೀಕ್ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗೆ ಆಯಿಲ್ ಕಪ್ ಸೀಲನ್ನು (ಪಿಸ್ಟನ್ ಮೇಲಿನ ಬಟ್ಟಲಾಕಾರದ ರಬ್ಬರ್) ದಾಟಿ ಹಿಂದಕ್ಕೆ ನುಸುಳುತ್ತಿದೆ.

ಊರಲ್ಲಿ ಮಾರುತಿ 800 ಓಡಿಸಿದವರಿಗೆ ಕೇಬಲ್ ಕ್ಲಚ್ ಅಭ್ಯಾಸ: ಸಡಿಲವಾದರೆ ನಟ್ ತಿರುಗಿಸಿ ಬಿಗಿ ಮಾಡುವುದು. ಹೈಡ್ರಾಲಿಕ್‌ನಲ್ಲಿ ಆ ಆಟ ನಡೆಯುವುದಿಲ್ಲ. ಪ್ಲೇಟ್ ಸವೆದಂತೆ ಅದು ತಾನೇ ಹೊಂದಿಕೊಳ್ಳುತ್ತದೆ. ಪೆಡಲ್ ರಾಡ್ ತಿರುಗಿಸಿ ಕೆಟ್ಟ ಸೀಲನ್ನು ಮುಚ್ಚಿಹಾಕಲು ಹೋದರೆ ಬೇರೆಯೇ ತೊಂದರೆ ಹುಟ್ಟುತ್ತದೆ, ಅದನ್ನು ಮುಂದೆ ನೋಡೋಣ.

ಮೊದಲು ಕಣ್ಣಿಗೆ ಕಾಣುವುದು

ಕ್ಲಚ್‌ಗೆ ಬ್ರೇಕ್‌ನದಲ್ಲದ ಪ್ರತ್ಯೇಕ ಪುಟ್ಟ ಆಯಿಲ್ ಡಬ್ಬಿ ಇದೆ, ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಲೋಹದ ಗೋಡೆ) ಮೇಲೆ, ಬ್ರೇಕ್ ಮಾಸ್ಟರ್ ಪಕ್ಕದಲ್ಲಿ. ಅದರ ಮಟ್ಟ ನೋಡಿ. ಇಲ್ಲೊಂದು ವಿಷಯವನ್ನು ಬಹಳ ಜನ ಬ್ರೇಕ್‌ಗೆ ಹೋಲಿಸಿ ತಪ್ಪು ತಿಳಿಯುತ್ತಾರೆ. ಬ್ರೇಕ್ ಪ್ಯಾಡ್ ಸವೆದರೆ ಡಬ್ಬಿಯ ಮಟ್ಟ ಇಳಿಯುತ್ತದೆ. ಕ್ಲಚ್ ಪ್ಲೇಟ್ ಸವೆದರೆ ಇಳಿಯುವುದಿಲ್ಲ, ಕೂದಲೆಳೆಯಷ್ಟು ಏರುತ್ತದೆ: ಪ್ಲೇಟ್ ತೆಳುವಾದಂತೆ ಪ್ರೆಷರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗ) ಸ್ಪ್ರಿಂಗ್ ಬೆರಳುಗಳು ಬೇರಿಂಗ್ ಕಡೆಗೆ ಹೊರಳಿ, ಫೋರ್ಕ್ ಮೂಲಕ ಸ್ಲೇವ್ ಪಿಸ್ಟನನ್ನು ಒಳಕ್ಕೆ ತಳ್ಳುತ್ತವೆ. ಹಾಗಾಗಿ ಕ್ಲಚ್ ಡಬ್ಬಿಯ ಮಟ್ಟ ಇಳಿದಿದ್ದರೆ ಅದು ಲೀಕ್. ತುಂಬಿಸಿ ಸುಮ್ಮನಾಗುವ ವಿಷಯವಲ್ಲ.

ಲೀಕ್ ಹುಡುಕಬೇಕಾದ ಜಾಗ ಮೂರು. ಒಂದು, ಸ್ಲೇವ್‌ನ ರಾಡ್ ಹೊರಬರುವ ತುದಿಯನ್ನು ಮುಚ್ಚುವ ರಬ್ಬರ್ ಬೂಟ್. ಬೆಲ್‌ಹೌಸಿಂಗ್‌ನ (ಗೇರ್‌ಬಾಕ್ಸ್ ಮುಂಭಾಗದಲ್ಲಿ ಕ್ಲಚ್ಚನ್ನು ಮುಚ್ಚುವ ಕವಚ) ಬಲಬದಿಯಲ್ಲಿ ಕೆಳಗಿರುತ್ತದೆ. ಬೂಟಿನ ಅಂಚನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಎತ್ತಿ ನೋಡಿ, ಒಳಗೆ ಒದ್ದೆಯಾಗಿದ್ದರೆ ಸ್ಲೇವ್ ಮುಗಿಯಿತು. ಹೊರಗೆ ಹನಿ ಬೀಳದಿದ್ದರೂ ಬೂಟ್ ಒಳಗೆ ಚಮಚದಷ್ಟು ಆಯಿಲ್ ಕೂತಿರಬಹುದು. ಎರಡು, ಮಾಸ್ಟರ್. ಇದು ಕ್ಯಾಬಿನ್ ಕಡೆಗೂ ಸೋರುತ್ತದೆ. ಪೆಡಲ್ ಮೇಲ್ಭಾಗದಲ್ಲಿ ರಾಡ್ ಫೈರ್‌ವಾಲ್ ದಾಟುವಲ್ಲಿ ಬೆರಳಾಡಿಸಿ, ಕಾರ್ಪೆಟ್ ಮುಟ್ಟಿ ನೋಡಿ. ಎಂಜಿನ್ ಕಡೆಯಲ್ಲಿ ಮಾಸ್ಟರ್ ಕೆಳಗಿನ ಬಣ್ಣ ಸುಲಿದು ಗುಳ್ಳೆ ಎದ್ದಿದ್ದರೆ ಬಹಳ ದಿನದಿಂದ ಸೋರುತ್ತಿದೆ ಎಂದರ್ಥ, ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಮೂರು, ರಬ್ಬರ್ ಹೋಸ್ ಮತ್ತು ಅದರ ಜೋಡಣೆಗಳು.

ಡಬ್ಬಿಯ ಆಯಿಲ್ ಕಪ್ಪಾಗಿರುವುದಕ್ಕೆ ಗಾಬರಿ ಬೇಡ, ಈ ಕಾರಿನಲ್ಲಿ ಅದು ಬೇಗ ಕಪ್ಪಾಗುತ್ತದೆ. ಆದರೆ ಬೆರಳ ನಡುವೆ ಉಜ್ಜಿದರೆ ಕರಿ ಚೂರು ಸಿಕ್ಕರೆ ಸೀಲ್ ಅಥವಾ ಹೋಸ್ ಒಳಗಿನಿಂದ ಪುಡಿಯಾಗುತ್ತಿದೆ.

ಅಳತೆ

ಕಾರನ್ನು ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಇಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಹಿಂದಿನ ಚಕ್ರಗಳಿಗೆ ಕಲ್ಲು. ಸ್ಲೇವ್ ರಾಡ್ ಫೋರ್ಕನ್ನು ಮುಟ್ಟುವಲ್ಲಿ ಫೋರ್ಕ್ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಹಿಡಿಯಿರಿ. ಇನ್ನೊಬ್ಬರು ಪೆಡಲನ್ನು ನಿಧಾನವಾಗಿ ನೆಲದವರೆಗೆ ಒತ್ತಿ ಹಿಡಿಯಲಿ. ನೆಲದ ಮ್ಯಾಟ್ ತೆಗೆದಿರಬೇಕು, ದಪ್ಪ ಮ್ಯಾಟ್ ಒಂದೇ ಸಾಕು ಅಳತೆ ಕೆಡಿಸಲು.

ಆರೋಗ್ಯವಾಗಿರುವ ಎನ್‌ಎಯಲ್ಲಿ ರಾಡ್ ಸುಮಾರು ಅರ್ಧ ಇಂಚು, ಅಂದರೆ 12-13 ಮಿ.ಮೀ. ಚಲಿಸುತ್ತದೆ. 10ಕ್ಕಿಂತ ಕಡಿಮೆ ಬಂದರೆ ತಪ್ಪು ಹೈಡ್ರಾಲಿಕ್‌ನದು ಅಥವಾ ಪೆಡಲ್‌ನದು. 12 ಬಂದೂ ಗೇರ್ ಕರ್ರ್ ಎಂದರೆ ತಪ್ಪು ಒಳಗಿದೆ. ಪೆಡಲ್ ಒತ್ತಿ ಹಿಡಿದೇ ಒಂದು ನಿಮಿಷ ಬಿಡಿ. ಗುರುತು ತಾನಾಗಿ ಹಿಂದೆ ಜಾರಿದರೆ, ಸ್ಲೇವ್ ಬೂಟ್ ಒಣಗಿದ್ದರೆ, ಮಾಸ್ಟರ್ ಒಳಲೀಕ್.

ಇಷ್ಟು ಸಣ್ಣ ವ್ಯತ್ಯಾಸ ಯಾಕೆ ಇಷ್ಟು ಕಾಡುತ್ತದೆ ಎಂಬುದಕ್ಕೆ ಲೆಕ್ಕ ನೋಡಿ. ಮಾಸ್ಟರ್‌ನ ಬೋರ್, ಅಂದರೆ ಒಳವ್ಯಾಸ, 15.87 ಮಿ.ಮೀ., ಸ್ಲೇವ್‌ನದು 19.05 ಮಿ.ಮೀ. ವಿಸ್ತೀರ್ಣದಲ್ಲಿ ಸುಮಾರು 198 ಮತ್ತು 285 ಚದರ ಮಿ.ಮೀ. ಸ್ಲೇವ್ 12 ಮಿ.ಮೀ. ಓಡಲು ಬೇಕಾದ ಆಯಿಲ್ ಬರೀ 3.4 ಮಿ.ಲೀ.! ಅದನ್ನು ತಳ್ಳಲು ಮಾಸ್ಟರ್ ಪಿಸ್ಟನ್ 17 ಮಿ.ಮೀ. ಚಲಿಸಬೇಕು. ಈಗ ಲೈನ್‌ನಲ್ಲಿ 1 ಮಿ.ಲೀ. ಗಾಳಿ ಸೇರಿದೆ ಎಂದುಕೊಳ್ಳಿ. ಪೆಡಲ್‌ನ ಒತ್ತಡಕ್ಕೆ ಆ ಗಾಳಿ ಹೆಚ್ಚುಕಡಿಮೆ ಪೂರ್ತಿ ಕುಗ್ಗುತ್ತದೆ, ಅದರ ಪಾಲಿನ ಆಯಿಲ್ ಸ್ಲೇವ್ ತಲುಪುವುದಿಲ್ಲ, ರಾಡ್ ಸುಮಾರು 3 ಮಿ.ಮೀ. ಕಡಿಮೆ ಓಡುತ್ತದೆ. ನಾಲ್ಕನೇ ಒಂದು ಪಾಲು ಹೋಯಿತು! ಪೆಡಲ್ ಕಾಲಿಗೆ ಹೆಚ್ಚೇನೂ ಮೆತ್ತಗೆನ್ನಿಸದೆ ಗೇರ್ ಮಾತ್ರ ಬೀಳದಿರುವುದು ಇದರಿಂದಲೇ. ಪೆಡಲ್ 'ಫೀಲ್' ನಂಬದೆ ಸ್ಕೇಲ್ ನಂಬಿ ಎನ್ನುವುದೂ ಇದಕ್ಕೇ.

ಅಳತೆ ಸರಿ ಬಂದರೆ

ಫೋರ್ಕ್ ಪೂರ್ತಿ ಓಡುತ್ತಿದ್ದೂ ಬಿಡುತ್ತಿಲ್ಲವಾದರೆ ಹೈಡ್ರಾಲಿಕ್‌ಗೆ ದುಡ್ಡು ಸುರಿಯಬೇಡಿ. ಚಳಿಗಾಲವಿಡೀ ನಿಂತ ಕಾರಾದರೆ ಪ್ಲೇಟ್ ತುಕ್ಕಿನಿಂದ ಫ್ಲೈವೀಲ್‌ಗೆ (ಎಂಜಿನ್ ತುದಿಯ ಭಾರದ ಚಕ್ರ) ಅಂಟಿರಬಹುದು. ಖಾಲಿ ಜಾಗದಲ್ಲಿ ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಎರಡನೇ ಗೇರ್‌ನಲ್ಲೇ ಸ್ಟಾರ್ಟ್ ಮಾಡಿ, ಪೆಡಲ್ ಒತ್ತಿಕೊಂಡೇ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದರೆ ಕೆಲವು ಸಲ ಕಳಚಿಕೊಳ್ಳುತ್ತದೆ. ಇತ್ತೀಚೆಗೆ ಕ್ಲಚ್ ಬದಲಿಸಿದ್ದರೆ ಪ್ಲೇಟ್ ಉಲ್ಟಾ ಕೂತಿರುವ ಸಾಧ್ಯತೆ ಮರೆಯಬೇಡಿ. 1.6 ಲೀಟರ್ ಎಂಜಿನ್‌ನದು 200 ಮಿ.ಮೀ. ಪ್ಲೇಟ್, 1.8ರದು 215 ಮಿ.ಮೀ.; ಬೆರಕೆಯಾಗದಂತೆ ನೋಡಬೇಕು. ಉಳಿದದ್ದು ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟ್ ತುದಿ ಕೂರುವ ಬೇರಿಂಗ್) ಜಾಮ್, ಇನ್‌ಪುಟ್ ಶಾಫ್ಟ್ ಸ್ಪ್ಲೈನ್ (ಅದರ ಮೇಲಿನ ಉದ್ದುದ್ದ ಹಲ್ಲುಗಳು) ಒಣಗಿ ಪ್ಲೇಟ್ ಜಾರದಿರುವುದು, ಪ್ಲೇಟ್ ಸೊಟ್ಟಗಾಗಿರುವುದು. ಇವಕ್ಕೆಲ್ಲ ಗೇರ್‌ಬಾಕ್ಸ್ ಇಳಿಸಲೇಬೇಕು.

ಸ್ಲಿಪ್ ಆಗುತ್ತಿದ್ದು ಪ್ಲೇಟ್ ಹೊಸದಾಗಿದ್ದರೆ

ಹೈಡ್ರಾಲಿಕ್‌ನಿಂದಲೂ ಸ್ಲಿಪ್ ಬರುತ್ತದೆ, ಇದು ಕಡಿಮೆ ಜನಕ್ಕೆ ಹೊಳೆಯುತ್ತದೆ. ಪೆಡಲ್ ರಾಡ್‌ಗೆ ಸ್ವಲ್ಪವೂ ಫ್ರೀ ಪ್ಲೇ (ಸಡಿಲ) ಇಲ್ಲದಿದ್ದರೆ ಮಾಸ್ಟರ್ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಡಬ್ಬಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಎಂಜಿನ್ ಬಿಸಿಗೆ ಲೈನ್‌ನ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲದೆ ಸ್ಲೇವನ್ನು ತಳ್ಳುತ್ತದೆ, ಕ್ಲಚ್ ಅರೆಬರೆ ಒತ್ತಿದಂತಿರುತ್ತದೆ. ತಣ್ಣಗಿದ್ದಾಗ ಸರಿ, ಬಿಸಿಯಾದರೆ ಸ್ಲಿಪ್. ಹಳೆಯ ರಬ್ಬರ್ ಹೋಸ್ ಒಳಪದರ ಕಿತ್ತು ಒಮ್ಮುಖ ವಾಲ್ವ್‌ನಂತೆ ವರ್ತಿಸಿದರೂ ಇದೇ ಲಕ್ಷಣ.

ಸ್ಲಿಪ್ ಆಗುವಾಗಲೇ ನಿಲ್ಲಿಸಿ, ಸ್ಲೇವ್‌ನ ಬ್ಲೀಡರ್ ನಿಪ್ಪಲ್ (ಏರ್ ಹೊರಬಿಡುವ ಸಣ್ಣ ತಿರುಪು) ಕಾಲು ಸುತ್ತು ಬಿಚ್ಚಿ. ಆಯಿಲ್ ಚಿಮ್ಮಿ ಫೋರ್ಕ್ ಹಿಂದೆ ಸರಿದರೆ ಒತ್ತಡ ಸಿಕ್ಕಿಬಿದ್ದಿತ್ತು ಎಂದು ಖಚಿತ. ಮುಂದಿನ ಸಲ ಹಾಗೇ ಆದಾಗ ಮಾಸ್ಟರ್‌ನ ಪೈಪ್ ನಟ್ ಸಡಿಲಿಸಿ ನೋಡಿ: ಅಲ್ಲಿ ಸಡಿಲಿಸಿದರೆ ಫೋರ್ಕ್ ಹಿಂದೆ ಬಂತೆಂದರೆ ಮಾಸ್ಟರ್ ಅಥವಾ ಪೆಡಲ್ ಹೊಂದಾಣಿಕೆ, ಬರದಿದ್ದರೆ ಹೋಸ್. ಕಣ್ಣಿಗೆ ಕನ್ನಡಕ ಇರಲಿ.

ಬೇಕಾದ ಸಾಮಾನು

12 ಎಂಎಂ ಸಾಕೆಟ್ ಮತ್ತು ಉದ್ದ ಎಕ್ಸ್‌ಟೆನ್ಷನ್, ಪೈಪ್ ನಟ್‌ಗೆ 10 ಎಂಎಂ ಫ್ಲೇರ್ ನಟ್ ಸ್ಪ್ಯಾನರ್ (ಸಾಮಾನ್ಯ ಓಪನ್ ಸ್ಪ್ಯಾನರ್ ಹಾಕಿದರೆ ನಟ್‌ನ ಮೂಲೆ ಹೋಗಿ ಕೆಲಸ ಎರಡು ದಿನಕ್ಕೆ ಬೆಳೆಯುತ್ತದೆ), ಬ್ಲೀಡರ್‌ಗೆ 8 ಎಂಎಂ ರಿಂಗ್ ಸ್ಪ್ಯಾನರ್, ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಟ್ಯೂಬ್ ಅರ್ಧ ಮೀಟರ್, ಒಂದು ಬಾಟಲಿ, ಸೀಲ್ ತೆಗೆಯದ 500 ಮಿ.ಲೀ. ಬ್ರೇಕ್ ಆಯಿಲ್.

ಬ್ರೇಕ್ ಆಯಿಲ್‌ನ ದರ್ಜೆ ಡಾಟ್ 3 ಅಥವಾ ಡಾಟ್ 4 ಎರಡೂ ನಡೆಯುತ್ತವೆ. ಹೊಸ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದು 230. ನೀರು ಹೀರಿದ ಮೇಲೆ ಕ್ರಮವಾಗಿ 140 ಮತ್ತು 155. ಡಾಟ್ 5 ಸಿಲಿಕೋನ್ ಆಧಾರಿತ, ಇದರ ಜೊತೆ ಬೆರೆಸಬಾರದು. ಪವರ್ ಸ್ಟೀರಿಂಗ್ ಆಯಿಲ್ ಅಥವಾ ಎಂಜಿನ್ ಆಯಿಲ್ ಹನಿ ಕೂಡ ಡಬ್ಬಿಗೆ ಬೀಳಬಾರದು. ಖನಿಜ ಎಣ್ಣೆಗೆ ಈ ಸೀಲ್‌ಗಳು ಊದಿಕೊಳ್ಳುತ್ತವೆ, ಒಮ್ಮೆ ಹಾಗಾದರೆ ಮಾಸ್ಟರ್, ಸ್ಲೇವ್, ಹೋಸ್ ಮೂರನ್ನೂ ಎಸೆದು ಪೈಪ್ ತೊಳೆಯುವುದೊಂದೇ ದಾರಿ.

ಸೀಲ್ ಕಿಟ್ ತರಬೇಕೋ ಹೊಸ ಸಿಲಿಂಡರ್ ತರಬೇಕೋ? ಬೋರ್ ಒಳಗೆ ಉಗುರಿಗೆ ತಾಕುವ ಗುಳಿ ಇದ್ದರೆ ಹೊಸ ಕಪ್ ಸೀಲ್ ಕೆಲವೇ ವಾರದಲ್ಲಿ ಹರಿಯುತ್ತದೆ. ಇಪ್ಪತ್ತು ವರ್ಷ ದಾಟಿದ ಸ್ಲೇವ್‌ಗೆ ಕಿಟ್ ಹಾಕುವ ಶ್ರಮ ದಂಡ, ಹೊಸದನ್ನೇ ತನ್ನಿ. ಮಾಸ್ಟರನ್ನೂ ಜೊತೆಗೇ ಬದಲಿಸಿದರೆ ಒಳ್ಳೆಯದು. ಇನ್ನೊಂದು ಮಾತು: ಹೊಸ ಕ್ಲಚ್ ಹಾಕಿಸಿದ ಬೆನ್ನಿಗೇ ಹಳೆಯ ಸ್ಲೇವ್ ಸೋರತೊಡಗುವುದು ಕಾಕತಾಳೀಯವಲ್ಲ. ದಪ್ಪ ಪ್ಲೇಟ್ ಬಂದಾಗ ಪಿಸ್ಟನ್ ಇಷ್ಟು ವರ್ಷ ಮುಟ್ಟದಿದ್ದ ಬೋರ್‌ನ ಹೊರತುದಿಗೆ ಬಂದು ಅಲ್ಲಿನ ತುಕ್ಕು, ಕೊಳೆಯ ಮೇಲೆ ಸೀಲ್ ಉಜ್ಜಿಕೊಳ್ಳುತ್ತದೆ.

ಸ್ಲೇವ್ ಬದಲಿಸುವುದು

1. ಬಲ ಮುಂಚಕ್ರ ಬಿಚ್ಚಿದರೆ ಕೈ ಹೋಗಲು ಜಾಗ ಸಿಗುತ್ತದೆ. ಜೋಡಣೆಗಳ ಸುತ್ತ ಬ್ರಷ್‌ನಿಂದ ಕೊಳೆ ತೆಗೆಯಿರಿ, ತುಕ್ಕಿದ್ದರೆ ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಡಿ.

2. ಸ್ಲೇವ್ ಇನ್ನೂ ಬೆಲ್‌ಹೌಸಿಂಗ್‌ಗೆ ಬಿಗಿಯಾಗಿ ಇರುವಾಗಲೇ ಪೈಪ್ ನಟ್ ಸಡಿಲಿಸಿ. ಬೋಲ್ಟ್ ಮೊದಲು ಬಿಚ್ಚಿದರೆ ಸ್ಲೇವ್ ಕೈಯಲ್ಲಿ ತಿರುಗುತ್ತದೆ, ನಟ್ ಬಿಡುವುದಿಲ್ಲ.

3. ಎರಡು 12 ಎಂಎಂ ಬೋಲ್ಟ್ ಬಿಚ್ಚಿ, ಪೈಪ್ ಕಳಚಿ, ಪೈಪಿನ ಬಾಯಿಗೆ ರಬ್ಬರ್ ಟೋಪಿ ಹಾಕಿ.

4. ಹೊಸ ಸ್ಲೇವ್‌ಗೆ ಪೈಪ್ ನಟ್ಟನ್ನು ಮೊದಲು ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಹಾಕಿ, ಸ್ಲೇವ್ ಸಡಿಲ ಇರುವಾಗಲೇ. ಇಲ್ಲಿ ಥ್ರೆಡ್ ಅಡ್ಡ ಹತ್ತಿದರೆ ಹೊಸ ಸ್ಲೇವ್ ಕಸ.

5. ರಾಡ್ ತುದಿಗೆ ಬಿಸಿ ತಾಳುವ ಗ್ರೀಸ್ ಚುಕ್ಕೆಯಷ್ಟು. ಬೂಟ್ ಒಳಗೆ ಸಾದಾ ಗ್ರೀಸ್ ಹೋಗಬಾರದು. ಬೋಲ್ಟ್‌ಗಳಿಗೆ ಸುಮಾರು 20 ನ್ಯೂಟನ್ ಮೀಟರ್. ಪೈಪ್ ನಟ್ ಕೊನೆಗೆ ಬಿಗಿ ಮಾಡಿ.

ಮಾಸ್ಟರ್ ಬದಲಿಸುವುದು ಇದಕ್ಕಿಂತ ಬೇಸರದ ಕೆಲಸ, ಕಷ್ಟದ್ದಲ್ಲ. ಸಿರಿಂಜ್‌ನಿಂದ ಡಬ್ಬಿ ಖಾಲಿ ಮಾಡಿ, ಕೆಳಗೆ ಬಟ್ಟೆ ತುರುಕಿ, ಪೈಪ್ ಬಿಚ್ಚಿ, ಡ್ಯಾಶ್ ಕೆಳಗೆ ತಲೆ ತೂರಿಸಿ ಪೆಡಲ್ ಪಿನ್ ತೆಗೆಯಬೇಕು. ಆಯಿಲ್ ಎಲ್ಲಿ ಬಿದ್ದರೂ ತಕ್ಷಣ ನೀರು ಸುರಿಯಿರಿ. ಒರೆಸಿದರೆ ಇನ್ನಷ್ಟು ಹರಡುತ್ತದೆ. ಹೊಸ ಮಾಸ್ಟರನ್ನು ಹಾಕುವ ಮೊದಲು ವೈಸ್‌ನಲ್ಲಿ ಹಿಡಿದು ಆಯಿಲ್ ತುಂಬಿ, ಬಾಯಿಗೆ ಬೆರಳು ಒತ್ತಿ, ಪಿಸ್ಟನನ್ನು ನಿಧಾನವಾಗಿ ತಳ್ಳಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ.

ಏರ್ ತೆಗೆಯುವುದು

ಹೆಚ್ಚಿನವರು ಸೋಲುವುದು ಇಲ್ಲೇ. ಭಾಗ ಹೊಸದು, ಅಳತೆ 9 ಮಿ.ಮೀ. ಎಂದರೆ ಏರ್ ಉಳಿದಿದೆ.

ಟ್ಯೂಬನ್ನು ನಿಪ್ಪಲ್‌ಗೆ ಹಾಕಿ, ಇನ್ನೊಂದು ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಟ್ಯೂಬ್ ಮೊದಲು ಮೇಲಕ್ಕೆ ಹೋಗಿ ನಂತರ ಇಳಿಯಲಿ, ಆಗ ಗುಳ್ಳೆ ವಾಪಸ್ ಬರುವುದಿಲ್ಲ. ಪೆಡಲ್ ಒತ್ತಿ ಹಿಡಿ, ನಿಪ್ಪಲ್ ಬಿಚ್ಚು, ಹರಿವು ನಿಂತೊಡನೆ ಮುಚ್ಚು, ಪೆಡಲ್ ಬಿಡು. ನಿಪ್ಪಲ್ ತೆರೆದಿರುವಾಗ ಪೆಡಲ್ ಮೇಲೆ ಬಂತೋ, ಗಾಳಿ ಮತ್ತೆ ಒಳಗೆ ಸೇರಬಹುದು. ಪ್ರತಿ ಸಲ ಹೋಗುವುದು ನಾಲ್ಕು ಐದು ಮಿ.ಲೀ. ಮಾತ್ರ, ಆದರೆ ಡಬ್ಬಿಯೂ ಪುಟ್ಟದು, ಹತ್ತು ಸಲಕ್ಕೊಮ್ಮೆ ತುಂಬಿಸಿ. ಗುಳ್ಳೆ ನಿಂತ ಮೇಲೂ ಹತ್ತು ಹನ್ನೆರಡು ಸಲ ಮುಂದುವರಿಸಿ.

ಮಾಸ್ಟರ್ ಹಳೆಯದನ್ನೇ ಉಳಿಸಿದ್ದರೆ ಪೆಡಲ್ ಕೆಳಗೆ ಮರದ ತುಂಡು ಇಟ್ಟು ನೆಲದವರೆಗೆ ಹೋಗದಂತೆ ತಡೆಯಿರಿ. ನಿಪ್ಪಲ್ ತೆರೆದಾಗ ಪೆಡಲ್ ದಿಢೀರನೆ ಕುಸಿದು, ಬೋರ್‌ನ ಬಳಸದ ಭಾಗಕ್ಕೆ ಸೀಲ್ ನುಗ್ಗಿ ಹರಿಯುವುದುಂಟು. ಸ್ಲೇವ್ ಹಾಕಿದ ಮರುದಿನ ಮಾಸ್ಟರ್ ಸಾಯುವ ಕತೆಗಳಿಗೆ ಸಾಮಾನ್ಯವಾಗಿ ಇದೇ ಕಾರಣ.

ಇಷ್ಟಾದರೂ ಏರ್ ಹೋಗದಿದ್ದರೆ ಸ್ಲೇವನ್ನು ಪೈಪ್ ಸಮೇತ ಬೋಲ್ಟ್‌ನಿಂದ ಕಳಚಿ, ನಿಪ್ಪಲ್ ಎಲ್ಲಕ್ಕಿಂತ ಮೇಲಿರುವಂತೆ ಓರೆ ಮಾಡಿ ಹಿಡಿಯಿರಿ. ರಾಡನ್ನು ಕೈಯಿಂದ ಪೂರ್ತಿ ಒಳಗೆ ಒತ್ತಿ ಕ್ಲ್ಯಾಂಪ್‌ನಿಂದ ಅಲ್ಲೇ ಹಿಡಿದಿಟ್ಟು ಏರ್ ತೆಗೆಯಿರಿ. ಪಿಸ್ಟನ್ ಒಳಗಿದ್ದರೆ ಸಿಲಿಂಡರ್‌ನಲ್ಲಿ ಗಾಳಿಗೆ ಅವಿತುಕೊಳ್ಳಲು ಜಾಗವೇ ಇರುವುದಿಲ್ಲ. ಕ್ಲ್ಯಾಂಪ್ ಇಲ್ಲದೆ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಹಾರುತ್ತದೆ, ಎಚ್ಚರ. ಇಲ್ಲದಿದ್ದರೆ ಕೆಳಗಿನಿಂದ ಮೇಲಕ್ಕೆ: ದೊಡ್ಡ ಸಿರಿಂಜ್‌ನಲ್ಲಿ ಹೊಸ ಆಯಿಲ್ ತುಂಬಿ, ಟ್ಯೂಬಿನ ಗಾಳಿ ಹೊರಹಾಕಿ, ನಿಪ್ಪಲ್ ಮೂಲಕ ನಿಧಾನವಾಗಿ ತಳ್ಳಿ. ಗಾಳಿ ತಾನಾಗೇ ಏರುವ ದಿಕ್ಕು ಅದೇ. ಡಬ್ಬಿ ಉಕ್ಕದಂತೆ ಮೊದಲೇ ಅರ್ಧ ಖಾಲಿ ಮಾಡಿರಬೇಕು. ವ್ಯಾಕ್ಯೂಮ್ ಪಂಪ್ ಅಷ್ಟು ನಂಬಿಕಸ್ಥ ಅಲ್ಲ. ನಿಪ್ಪಲ್‌ನ ಥ್ರೆಡ್ ಸುತ್ತಲಿಂದ ಗಾಳಿ ಎಳೆದುಕೊಂಡು ಗುಳ್ಳೆ ಮುಗಿಯುವುದೇ ಇಲ್ಲ ಎನ್ನಿಸುತ್ತದೆ.

ನಿಪ್ಪಲ್ ಬಿಗಿ 6ರಿಂದ 9 ನ್ಯೂಟನ್ ಮೀಟರ್, ಅಂದರೆ ಸಣ್ಣ ಸ್ಪ್ಯಾನರ್‌ಗೆ ಎರಡು ಬೆರಳ ಬಲ. ಜೋರು ಮಾಡಿದರೆ ಮುರಿಯುತ್ತದೆ.

ಪೆಡಲ್ ಹೊಂದಾಣಿಕೆ

ಇದು ಕೊನೆಗೆ ಮಾಡುವ ಕೆಲಸ. ಲಾಕ್ ನಟ್ ಸಡಿಲಿಸಿ ಮಾಸ್ಟರ್ ರಾಡ್ ತಿರುಗಿಸಿ, ಪೆಡಲ್ ತುದಿಯಲ್ಲಿ ಬೆರಳಿನಿಂದ ಒತ್ತಿದಾಗ 1ರಿಂದ 3 ಮಿ.ಮೀ. ಸಡಿಲ ಸಿಗಬೇಕು. ಸಡಿಲ ಹೆಚ್ಚಿದ್ದರೆ ಮಾಸ್ಟರ್‌ನ ಓಟವೇ ಕಡಿಮೆಯಾಗಿ ಕ್ಲಚ್ ಬಿಡುವುದಿಲ್ಲ. ಸೊನ್ನೆಯಾದರೆ ಮೇಲೆ ಹೇಳಿದ ಬಿಸಿ ಸ್ಲಿಪ್. ಪೆಡಲ್ ಪಿನ್‌ನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಮಾಸ್ಟರ್ ನೋಡಲಿ, ಅದು ಫೈರ್‌ವಾಲ್ ಸಮೇತ ಅಲುಗಿದರೆ ಲೋಹ ಬಿರುಕು ಬಿಟ್ಟಿದೆ. ಎಲ್ಲ ಬಿಗಿ ಮಾಡಿ ಮತ್ತೆ ಸ್ಕೇಲ್ ಹಿಡಿದು 12 ಬಂತೇ ನೋಡಿ, ರಿವರ್ಸ್ ಪರೀಕ್ಷೆ ಮಾಡಿ. ಎರಡು ದಿನ ಓಡಿಸಿದ ಮೇಲೆ ಬೂಟ್ ಎತ್ತಿ ಒಣಗಿದೆಯೇ ನೋಡುವುದನ್ನು ಬಿಡಬೇಡಿ.

ನಿಸ್ಸಾನ್ 370ಝಡ್‌ನಂಥ ಕಾರುಗಳಲ್ಲಿ ಸ್ಲೇವ್ ಬೆಲ್‌ಹೌಸಿಂಗ್ ಒಳಗೇ, ಇನ್‌ಪುಟ್ ಶಾಫ್ಟ್ ಸುತ್ತ ಕೂತಿರುತ್ತದೆ. ಅಲ್ಲಿ ಫೋರ್ಕ್ ಅಳೆಯುವ ಅವಕಾಶವಿಲ್ಲ. ಡಬ್ಬಿಯ ಮಟ್ಟ, ಬೆಲ್‌ಹೌಸಿಂಗ್ ಕೆಳಗಿನ ಒದ್ದೆ, ಪಂಪ್ ಪರೀಕ್ಷೆ, ಇವಿಷ್ಟರ ಮೇಲೇ ತೀರ್ಮಾನ. ಮಾಸ್ಟರ್ ಬದಲಿಸಿಯೂ ಸರಿಯಾಗದಿದ್ದರೆ ಗೇರ್‌ಬಾಕ್ಸ್ ಇಳಿಸಿದಾಗ ಪ್ಲೇಟ್, ಬೇರಿಂಗ್ ಎಲ್ಲವನ್ನೂ ಒಟ್ಟಿಗೆ ಮುಗಿಸಿಬಿಡಬೇಕು.

ದಾರಿಯಲ್ಲೇ ಪೆಡಲ್ ನೆಲಕ್ಕೆ ಬಿದ್ದರೆ: ಡಬ್ಬಿ ತುಂಬಿಸಿ ಇಪ್ಪತ್ತು ಸಲ ಪಂಪ್ ಮಾಡಿದರೆ ಎಷ್ಟೋ ಸಲ ಮನೆ ತಲುಪುವಷ್ಟು ಕ್ಲಚ್ ಸಿಗುತ್ತದೆ. ಸಿಗದಿದ್ದರೆ ಟೋ ಟ್ರಕ್ ಕರೆಸುವುದೇ ಸರಿ. ಅದಕ್ಕೂ ಮೊದಲು ಕಾರನ್ನು ರಸ್ತೆ ಅಂಚಿಗೆ ಸರಿಸಲೇಬೇಕಾದರೆ, ಎದುರು ಖಾಲಿ ಇದೆಯೇ ನೋಡಿ, ಎಂಜಿನ್ ಆಫ್ ಮಾಡಿ ಫಸ್ಟ್ ಗೇರ್ ಹಾಕಿ, ಸ್ಟಾರ್ಟರ್ ತಿರುಗಿಸಿದರೆ ಕಾರು ತೆವಳುತ್ತಾ ಹೊರಡುತ್ತದೆ. ಅಮೆರಿಕದ ಕಾರುಗಳಲ್ಲಿ ಕ್ಲಚ್ ಸ್ವಿಚ್ ಇರುವುದರಿಂದ ಸತ್ತ ಪೆಡಲನ್ನೂ ಒತ್ತಿ ಹಿಡಿದೇ ಕೀಲಿ ತಿರುಗಿಸಬೇಕು. ನಿಲ್ಲಿಸಲು ಬ್ರೇಕ್ ಹಿಡಿದು ಕೀಲಿ ಆಫ್ ಮಾಡಿ.